ಬತ್ತಿದ ಮುಖ ಮತ್ತೆ ತುಂಬಿಕೊಳ್ಳಲು: ತೂಕ ಇಳಿಸಿದವರಿಗೆ ಸರದಿ ತಪ್ಪದ ಮಾರ್ಗದರ್ಶಿ

ಇಪ್ಪತ್ತೈದು ಮೂವತ್ತು ಕೆಜಿ ಇಳಿಸಿದವರನ್ನು ದಾವಣಗೆರೆಯ ಬೀದಿಯಲ್ಲಿ ಕಂಡವರು ಮೊದಲು ಕೇಳುವುದು "ಏನ್ರೀ, ಶುಗರ್ ಬಂತಾ?" ಎಂದೇ. ಹೊಟ್ಟೆ ಕರಗಿದ ಖುಷಿ ಅಲ್ಲಿಗೆ ಮುಗಿಯಿತು. ಮನೆಗೆ ಬಂದು ಕನ್ನಡಿ ನೋಡಿದರೆ ಕೆನ್ನೆ ಒಳಗೆ ಹೋಗಿದೆ, ಹಣೆಯ ಇಕ್ಕೆಲ ಗುಳಿ ಬಿದ್ದಿದೆ, ದವಡೆಯ ಕೆಳಗೆ ಚರ್ಮ ಜೋಲುತ್ತಿದೆ. ಮುಂದಿನ ವಾರವೇ ಫಿಲ್ಲರ್, ಅಂದರೆ ಗುಳಿ ತುಂಬುವ ಇಂಜೆಕ್ಷನ್, ಹಾಕಿಸಿಕೊಳ್ಳಲು ಹೊರಡುತ್ತಾರೆ. ಆರು ತಿಂಗಳಾಗುವಷ್ಟರಲ್ಲಿ ಒಂದೋ ಮುಖ ಮತ್ತೆ ಬತ್ತಿರುತ್ತದೆ, ಇಲ್ಲವೇ ಪೂರಿಯಂತೆ ಉಬ್ಬಿ, ನಕ್ಕರೆ ಕಣ್ಣೇ ಮುಚ್ಚಿಹೋಗುವ ಹಾಗಾಗಿರುತ್ತದೆ.

ಇಲ್ಲಿ ಕೆಡುವುದು ಹೆಚ್ಚಾಗಿ ಕೆಲಸದ ಸರದಿ. ತೂಕ ನಿಲ್ಲುವ ಮೊದಲೇ ತುಂಬಿಸುವುದು ಒಂದು ತಪ್ಪು. ಜೋತ ಚರ್ಮವನ್ನು ಎತ್ತಿ ಕಟ್ಟುವ ಬದಲು ಅದರೊಳಗೆ ತುಂಬುತ್ತಾ ಹೋಗುವುದು ಇನ್ನೊಂದು. ಆದ್ದರಿಂದ ಮುಂದಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಶುರು ಮಾಡುವ ಮುನ್ನ ಕೈಯಲ್ಲಿರಲಿ

ಡಿಜಿಟಲ್ ತೂಕದ ಯಂತ್ರ, ಒಂದು ನೋಟ್‌ಬುಕ್, ಕೈಗನ್ನಡಿ, ಫೋನು. ಜೊತೆಗೆ ದಪ್ಪಗಾಗುವುದಕ್ಕೂ ಮೊದಲಿನ, ಅಂದರೆ ತೂಕ ಸರಿಯಾಗಿದ್ದ ಕಾಲದ ನಾಲ್ಕೈದು ಫೋಟೊ. ಸರ್ಜನ್‌ಗೆ ಇವು ತುಂಬ ಉಪಯೋಗ: ನಿಮ್ಮ ಕೆನ್ನೆ ಮೊದಲು ಎಲ್ಲಿ ತುಂಬಿಕೊಂಡಿತ್ತು ಎಂದು ಅವರಿಗೆ ಗೊತ್ತಾಗುವುದು ಅಲ್ಲಿಂದಲೇ. ಸಿನಿಮಾ ನಟಿಯ ಫೋಟೊ ಹಿಡಿದುಕೊಂಡು ಹೋಗಬೇಡಿ. ಈಗ ನುಂಗುತ್ತಿರುವ ಪ್ರತಿ ಮಾತ್ರೆ, ಕಷಾಯ, ಪುಡಿಯ ಪಟ್ಟಿಯನ್ನೂ ಬರೆದಿಟ್ಟುಕೊಳ್ಳಿ.

ಹಂತ 1: ತೂಕ ನಿಲ್ಲುವ ತನಕ ಕಾಯಿರಿ

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಅದೇ ಯಂತ್ರದ ಮೇಲೆ ತೂಕ ನೋಡಿ ಬರೆಯಿರಿ. ಮೂರು ತಿಂಗಳ ಅಂಕಿಗಳು ಎರಡು ಕೆಜಿಯ ಒಳಗೇ ಆಡುತ್ತಿದ್ದರೆ ಮುಂದಿನ ಹಂತದ ತಯಾರಿ ಶುರು ಮಾಡಬಹುದು. ಕತ್ತಿ ಹಿಡಿಯುವ ಕೆಲಸಕ್ಕೆ ಆರು ತಿಂಗಳು ಕಾಯುವುದು ಒಳ್ಳೆಯದು. ಬೇರಿಯಾಟ್ರಿಕ್ ಸರ್ಜರಿ (ತೂಕ ಇಳಿಸಲು ಹೊಟ್ಟೆಗೆ ಮಾಡುವ ಆಪರೇಷನ್) ಆದವರಲ್ಲಿ ತೂಕ ಒಂದು ನೆಲೆಗೆ ಬರಲು ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ತರಹದ ತೂಕ ಇಳಿಸುವ ವಾರದ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು ಡೋಸ್ ಏರುತ್ತಿರುವಾಗ ಮುಖದ ಕೆಲಸಕ್ಕೆ ಕೈ ಹಾಕಲೇಬಾರದು. ಇಂಜೆಕ್ಷನ್ ನಿಲ್ಲಿಸುವ ಯೋಚನೆ ಇದ್ದರೂ ಮೊದಲು ನಿಲ್ಲಿಸಿ, ತೂಕ ಎಲ್ಲಿಗೆ ಬಂದು ಕೂರುತ್ತದೆ ನೋಡಿ.

ಕಾರಣ ಸರಳ. ಮುಖ ತುಂಬಲು ನಿಮ್ಮದೇ ಹೊಟ್ಟೆಯಿಂದ ತೆಗೆದು ಕೆನ್ನೆಗೆ ಹಾಕಿದ ಕೊಬ್ಬು ತನ್ನ ಹುಟ್ಟುಗುಣ ಬಿಡುವುದಿಲ್ಲ. ತೂಕ ಮತ್ತೆ ಇಳಿದರೆ ಅದೂ ಕರಗುತ್ತದೆ, ಏರಿದರೆ ಅದೂ ಊದುತ್ತದೆ. ಹತ್ತು ಕೆಜಿ ವಾಪಸ್ ಬಂದವರ ಕೆನ್ನೆ ಹೊಟ್ಟೆಯ ಜೊತೆಗೇ ಬೆಳೆಯುತ್ತದೆ.

ಎಚ್ಚರಿಕೆ: ಡಯಟ್ ಮಾಡದೆ, ಔಷಧಿ ಇಲ್ಲದೆ ತೂಕ ತಾನಾಗಿ ಇಳಿದಿದ್ದರೆ ಇದು ಸೌಂದರ್ಯದ ವಿಷಯವೇ ಅಲ್ಲ. ಶುಗರ್, ಥೈರಾಯ್ಡ್, ಟಿಬಿ, ಕ್ಯಾನ್ಸರ್ ಯಾವುದೂ ಇಲ್ಲವೆಂದು ಮೊದಲು ಫಿಸಿಶಿಯನ್ ಹೇಳಬೇಕು.

ಹಂತ 2: ಗುಳಿ ಬಿದ್ದಿದೆಯೋ, ಚರ್ಮ ಜೋತಿದೆಯೋ?

ಇಡೀ ಕೆಲಸದ ಕೀಲಿ ಇರುವುದು ಇಲ್ಲಿ. ಮುಖದ ಕೊಬ್ಬು ಒಂದೇ ಹಾಸಿಗೆಯಲ್ಲ, ಬೇರೆ ಬೇರೆ ಚಿಕ್ಕ ದಿಂಬುಗಳು. ಕೆಲವು ಮೂಳೆಗೆ ಹತ್ತಿ ಆಳದಲ್ಲಿವೆ, ಕೆಲವು ಚರ್ಮದ ಕೆಳಗೇ ಇವೆ. ತೂಕ ಇಳಿದಾಗ ದಿಂಬು ಚಿಕ್ಕದಾಗುತ್ತದೆ, ಅದಕ್ಕೆ ಹೊಲಿದ ಗವಸು ಮಾತ್ರ ಅಷ್ಟೇ ದೊಡ್ಡದಾಗಿ ಉಳಿಯುತ್ತದೆ. ಮೂವತ್ತರ ಒಳಗಿನವರಲ್ಲಿ ಗವಸು ಸ್ವಲ್ಪ ಮಟ್ಟಿಗೆ ತಾನೇ ಕುಗ್ಗುತ್ತದೆ. ನಲವತ್ತೈದು ದಾಟಿದವರಲ್ಲಿ, ಅದರಲ್ಲೂ ಬಿಸಿಲಲ್ಲಿ ದುಡಿದವರಲ್ಲಿ, ಕುಗ್ಗುವುದು ಕಡಿಮೆ.

ಮನೆಯಲ್ಲೇ ಮೂರು ಪರೀಕ್ಷೆ ಮಾಡಿಕೊಳ್ಳಿ.

ಮೊದಲನೆಯದು, ಕಿಟಕಿಗೆ ಎದುರಾಗಿ ಕುಳಿತು ಕೈಗನ್ನಡಿ ನೋಡಿ. ಆಮೇಲೆ ಅಂಗಾತ ಮಲಗಿ ಕನ್ನಡಿಯನ್ನು ಮೇಲೆ ಹಿಡಿದು ನೋಡಿ. ಮಲಗಿದಾಗ ಮುಖ ಹತ್ತು ವರ್ಷ ಚಿಕ್ಕದಾಗಿ ಕಂಡರೆ ನಿಮ್ಮ ಮುಖ್ಯ ತೊಂದರೆ ಜೋಲು. ಮಲಗಿದರೂ ಹಣೆಯ ಪಕ್ಕ, ಕೆನ್ನೆ, ಕಣ್ಣಿನ ಕೆಳಗೆ ಗುಳಿ ಹಾಗೇ ಉಳಿದರೆ ಅದು ಖಾಲಿಯಾದದ್ದು. ಹೆಚ್ಚಿನವರಲ್ಲಿ ಎರಡೂ ಇರುತ್ತವೆ. ಯಾವುದು ಎಷ್ಟು ಎಂಬುದೇ ಪ್ರಶ್ನೆ.

ಎರಡನೆಯದು, ಕಿವಿಯ ಮುಂದಿನ ಚರ್ಮವನ್ನು ಎರಡು ಬೆರಳಿನಿಂದ ಒಂದು ಸೆಂಟಿಮೀಟರ್ ಮಾತ್ರ ಮೇಲಕ್ಕೆ, ಹಿಂದಕ್ಕೆ ಸರಿಸಿ. ದವಡೆಯ ಗೆರೆ ನೇರವಾದರೆ ಎತ್ತಿ ಕಟ್ಟುವ ಕೆಲಸಕ್ಕೆ ಅರ್ಥವಿದೆ. ಹಾಗೆ ಸರಿಸಿದಾಗ ಮುಖ ಇನ್ನೂ ಬುರುಡೆಯಂತೆ ಕಂಡರೆ ಬರೀ ಎಳೆದು ಕಟ್ಟಿದರೆ ಸಾಲದು, ತುಂಬಲೂ ಬೇಕು.

ಮೂರನೆಯದು ಬಾಯಿ. ದವಡೆ ಹಲ್ಲು ಕೀಳಿಸಿಕೊಂಡು ಹಾಗೇ ಬಿಟ್ಟಿದ್ದರೆ, ಹಲ್ಲಿನ ಸೆಟ್ ಸಡಿಲವಾಗಿದ್ದರೆ, ಕೆನ್ನೆ ಒಳಗೆ ಬಿದ್ದಿರುವುದರಲ್ಲಿ ಅದರ ಪಾಲೂ ಇದೆ. ಹಲ್ಲಿನ ಕೆಲಸ ಮೊದಲು, ಕೆನ್ನೆಯ ಕೆಲಸ ಆಮೇಲೆ. ದಾವಣಗೆರೆಯಲ್ಲಿ ಡೆಂಟಲ್ ಕಾಲೇಜುಗಳೇ ಇರುವುದರಿಂದ ಇದನ್ನು ಮುಗಿಸಿಕೊಳ್ಳಲು ದೂರ ಹೋಗಬೇಕಿಲ್ಲ.

ಫೋಟೊ ತೆಗೆಯುವಾಗ ಸೆಲ್ಫಿ ಬೇಡ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕೆನ್ನೆ ಇನ್ನೂ ಒಳಗೆ ಹೋದಂತೆ ಕಾಣುತ್ತದೆ. ಇನ್ನೊಬ್ಬರು ಒಂದೂವರೆ ಮೀಟರ್ ದೂರದಲ್ಲಿ, ನಿಮ್ಮ ಕಣ್ಣಿನ ಮಟ್ಟದಲ್ಲಿ ಫೋನ್ ಹಿಡಿದು ಐದು ಫೋಟೊ ತೆಗೆಯಲಿ: ನೇರ, ಅರೆ ಎಡ, ಅರೆ ಬಲ, ಪೂರ್ತಿ ಎಡ, ಪೂರ್ತಿ ಬಲ. ಬ್ಯೂಟಿ ಫಿಲ್ಟರ್ ಆಫ್ ಆಗಿರಲಿ. ಕೆಲವು ಫೋನ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ.

ಹಂತ 3: ರಕ್ತ, ಊಟ, ಅಡಿಕೆ

ಬೇಗ ತೂಕ ಇಳಿಸಿದವರ ಮೈಯಲ್ಲಿ ಗಾಯ ಮಾಯಿಸುವ ಸರಕೇ ಕಡಿಮೆ ಇರುತ್ತದೆ. ಹಿಮೋಗ್ಲೋಬಿನ್, ಫೆರಿಟಿನ್, ಆಲ್ಬುಮಿನ್, ಬಿ12, ವಿಟಮಿನ್ ಡಿ, ಮೂರು ತಿಂಗಳ ಸರಾಸರಿ ಶುಗರ್, ಥೈರಾಯ್ಡ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಇಸಿಜಿ ಇಷ್ಟನ್ನು ಸರ್ಜರಿಗೆ ಎರಡು ತಿಂಗಳು ಮೊದಲೇ ಮಾಡಿಸಿ. ಹಿಂದಿನ ವಾರ ಮಾಡಿಸಿ ಕಡಿಮೆ ಬಂದರೆ ಸರಿಪಡಿಸಲು ಸಮಯವೇ ಇರುವುದಿಲ್ಲ.

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಮುದ್ದೆ ಮತ್ತು ತಿಳಿ ಸಾರಿನಲ್ಲಿ ಇಷ್ಟು ಬರುವುದಿಲ್ಲ, ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಇರುವುದೇ ಏಳು ಗ್ರಾಂ. ಒಂದು ಮೊಟ್ಟೆಗೆ ಆರು, ದೊಡ್ಡ ಲೋಟ ಹಾಲಿಗೆ ಏಳೆಂಟು, ನೂರು ಗ್ರಾಂ ಬೇಯಿಸಿದ ಕೋಳಿಗೆ ಇಪ್ಪತ್ತೈದು ಎಂದು ಲೆಕ್ಕ ಹಾಕಿ. ನೂರು ಗ್ರಾಂ ಶೇಂಗಾದಲ್ಲೂ ಇಪ್ಪತ್ತೈದು ಇದೆ. ಹಾಗೆಂದು ಶೇಂಗಾ ಚಟ್ನಿಪುಡಿಯನ್ನು ನೂರು ಗ್ರಾಂ ತಿನ್ನಲಾಗದು. ಮೊಳಕೆ ಹೆಸರುಕಾಳು, ಹುರುಳಿ ಉಸಲಿ, ಮೊಸರು ಸೇರಿಸಿ ಹೊಂದಿಸಿಕೊಳ್ಳಿ. ಕೂದಲು ಗೊಂಚಲಾಗಿ ಉದುರುತ್ತಿದ್ದರೆ, ಚಿಕ್ಕ ಗೀರು ಮಾಯಲು ಎರಡು ವಾರ ಹಿಡಿಯುತ್ತಿದ್ದರೆ ನೀವಿನ್ನೂ ತಯಾರಿಲ್ಲ ಎಂದೇ ತಿಳಿಯಿರಿ.

ಬೀಡಿ, ಸಿಗರೇಟ್ ಸರ್ಜರಿಗೆ ಕನಿಷ್ಠ ನಾಲ್ಕು ವಾರ ಮೊದಲು, ಆಮೇಲೆ ನಾಲ್ಕು ವಾರ ಪೂರ್ತಿ ಬಂದ್. ಗುಟ್ಕಾ, ಜರ್ದಾ, ಹೊಗೆಸೊಪ್ಪಿಗೂ ಇದೇ ಲೆಕ್ಕ. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಆಗ ಹಾಕಿದ ಕೊಬ್ಬು ಸಾಯುತ್ತದೆ, ಎತ್ತಿ ಕಟ್ಟಿದ ಚರ್ಮ ಕಿವಿಯ ಹಿಂದೆ ಕಪ್ಪಾಗಿ ಕೊಳೆಯುತ್ತದೆ. "ದಿನಕ್ಕೆ ಒಂದೇ" ಎಂದು ಡಾಕ್ಟರಿಗೆ ಹೇಳಿ ಆರು ಸೇದುವವರಿದ್ದಾರೆ. ನಷ್ಟ ಡಾಕ್ಟರಿಗಲ್ಲ.

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ಸೀಮೆಯವರಿಗೆ ಒಂದು ಮಾತು. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ಪೂರ್ತಿ ತೆರೆಯುವುದಿಲ್ಲ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮೇಲಿನ, ಕೆಳಗಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ, ಏಕೆಂದರೆ ಉಸಿರಿನ ನಳಿಕೆ ಹಾಕುವುದು ಕಷ್ಟವಾಗುತ್ತದೆ. ಟೇಬಲ್ ಮೇಲೆ ಮಲಗಿದ ಮೇಲೆ ಗೊತ್ತಾಗುವ ವಿಷಯ ಇದಾಗಬಾರದು.

ಆಸ್ಪಿರಿನ್, ನೋವಿನ ಮಾತ್ರೆ, ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್ ರಕ್ತಸ್ರಾವ ಹೆಚ್ಚಿಸುತ್ತವೆ. ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬಾರದು. ತೂಕದ ಇಂಜೆಕ್ಷನ್ ತೆಗೆದುಕೊಳ್ಳುವವರ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಉಪವಾಸವಿದ್ದರೂ ಒಳಗೆ ಊಟ ಉಳಿದು, ಅರಿವಳಿಕೆಯಲ್ಲಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಕೊನೆಯ ಡೋಸ್ ಯಾವತ್ತು ತೆಗೆದುಕೊಂಡಿರಿ ಎಂದು ಹೇಳಿ, ಮುಂದಿನದು ಬಿಡಬೇಕೋ ಬೇಡವೋ ಅವರೇ ಹೇಳಲಿ.

ಕೊನೆಗೆ, ಕಿವಿ ಚುಚ್ಚಿಸಿದ ಜಾಗ ಮತ್ತು ತೋಳಿನ ಬಿಸಿಜಿ ಗುರುತು ನೋಡಿಕೊಳ್ಳಿ. ಅಲ್ಲಿ ಗಂಟಿನಂತೆ ಉಬ್ಬಿದ್ದರೆ ನಿಮ್ಮದು ಕಲೆ ಬೆಳೆಯುವ ಮೈ. ಕಿವಿಯ ಸುತ್ತ ಕೊಯ್ಯುವ ಮೊದಲು ಸರ್ಜನ್‌ಗೆ ಇದು ಗೊತ್ತಿರಬೇಕು.

ಹಂತ 4: ದಾರಿ ಆರಿಸಿಕೊಳ್ಳುವುದು

ಹಯಲುರಾನಿಕ್ ಆಸಿಡ್ ಫಿಲ್ಲರ್. ಜೆಲ್ ರೂಪದ್ದು, ಸಿರಿಂಜಿನಲ್ಲಿ 1 ಎಂಎಲ್ ಬರುತ್ತದೆ. ಜಾಗ ಮತ್ತು ಜೆಲ್ ನೋಡಿಕೊಂಡು ಆರರಿಂದ ಹದಿನೆಂಟು ತಿಂಗಳು ಉಳಿಯುತ್ತದೆ. ಕೆಟ್ಟರೆ ಹಯಲುರಾನಿಡೇಸ್ ಎಂಬ ಔಷಧಿ ಹಾಕಿ ಕರಗಿಸಬಹುದು, ಅದೇ ಇದರ ದೊಡ್ಡ ಗುಣ. ಆದರೆ 1 ಎಂಎಲ್ ಅಂದರೆ ಎಷ್ಟು ಗೊತ್ತೆ? ಟೀ ಚಮಚದ ಐದನೇ ಒಂದು ಭಾಗ. ಮೂವತ್ತು ಕೆಜಿ ಇಳಿಸಿದ ಮುಖಕ್ಕೆ ಒಂದು ಸಿರಿಂಜ್ ಎಲ್ಲಿಗೂ ಸಾಲದು. ಹಣೆಯ ಪಕ್ಕಕ್ಕೆ ತಲಾ ಒಂದು, ಕೆನ್ನೆಗೆ ತಲಾ ಒಂದೆರಡು ಎಂದು ಹೋದರೆ ನಾಲ್ಕರಿಂದ ಆರು ಸಿರಿಂಜ್ ಆಗಿಬಿಡುತ್ತದೆ, ಅದೂ ವರ್ಷಕ್ಕೊಮ್ಮೆ. ಗುಳಿ ಚಿಕ್ಕದಿದ್ದು ಜೋಲು ಕಡಿಮೆ ಇದ್ದವರಿಗೆ, ಇಲ್ಲವೇ ತುಂಬಿದರೆ ಹೇಗೆ ಕಾಣುತ್ತದೆಂದು ಒಮ್ಮೆ ನೋಡಬೇಕೆನ್ನುವವರಿಗೆ ಇದು ಸರಿ. ಕಣ್ಣಿನ ಕೆಳಗೆ ಮಾತ್ರ ಕೈ ಬಿಗಿ ಹಿಡಿಯಬೇಕು. ಅಲ್ಲಿ ಚರ್ಮ ತೆಳು, ಹೆಚ್ಚಾದರೆ ನೀಲಿ ಛಾಯೆ, ಊತ ಎರಡೂ ಕಾಣುತ್ತವೆ.

ಕೊಲಾಜೆನ್ ಬೆಳೆಸುವ ಇಂಜೆಕ್ಷನ್. ಪಾಲಿ ಲ್ಯಾಕ್ಟಿಕ್ ಆಸಿಡ್ ಈ ಗುಂಪಿನದು. ತಕ್ಷಣ ತುಂಬುವುದಿಲ್ಲ. ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಮೂರು ಸಲ ಹಾಕಿ, ತಿಂಗಳುಗಳಲ್ಲಿ ಚರ್ಮದಡಿ ತಾನೇ ದಪ್ಪವಾಗುವುದನ್ನು ಕಾಯಬೇಕು. ಎರಡು ವರ್ಷದಷ್ಟು ಉಳಿಯುತ್ತದೆ. ಇದನ್ನು ಕರಗಿಸುವ ಔಷಧಿ ಇಲ್ಲ. ಮೊದಲ ದಿನ ನೀರಿನಿಂದ ಉಬ್ಬಿ ಚೆನ್ನಾಗಿ ಕಂಡದ್ದು ಮೂರೇ ದಿನಕ್ಕೆ ಇಳಿದು ಹೋಗುತ್ತದೆ. ಅದನ್ನು ಕಂಡು "ಮೋಸ ಹೋದೆವು" ಎಂದು ಎರಡನೇ ಸಲಕ್ಕೆ ಹೋಗದೆ ನಿಲ್ಲಿಸುವವರೇ ಹೆಚ್ಚು.

ನಿಮ್ಮದೇ ಕೊಬ್ಬು. ಹೊಟ್ಟೆ ಅಥವಾ ತೊಡೆಯ ಒಳಗಿನಿಂದ ತೆಗೆದು ಮುಖಕ್ಕೆ ಹಾಕುವುದು. ಗುಳಿ ದೊಡ್ಡದಾಗಿದ್ದವರಿಗೆ ನಮ್ಮ ಮಟ್ಟಿಗೆ ಇದೇ ಮೊದಲ ಆಯ್ಕೆ. ಕೆನ್ನೆಗೆ ತಲಾ 3ರಿಂದ 8 ಎಂಎಲ್, ಹಣೆಯ ಪಕ್ಕಕ್ಕೆ ತಲಾ 2ರಿಂದ 5 ಎಂಎಲ್ ಹಾಕುವುದುಂಟು. ಹಾಕಿದ್ದೆಲ್ಲ ಉಳಿಯುವುದಿಲ್ಲ. ಮೂರರಲ್ಲಿ ಒಂದು ಪಾಲಿನಿಂದ ಹಿಡಿದು ಮೂರರಲ್ಲಿ ಎರಡು ಪಾಲಿನವರೆಗೆ ಎಷ್ಟಾದರೂ ಉಳಿಯಬಹುದು. "ನೂರಕ್ಕೆ ನೂರು ನಿಲ್ಲುತ್ತದೆ" ಎಂದವರ ಕುರ್ಚಿಯಿಂದ ಎದ್ದು ಬನ್ನಿ.

ಫೇಸ್‌ಲಿಫ್ಟ್. ಜೋಲು ಮುಖ್ಯವಾಗಿದ್ದರೆ ಇದಕ್ಕೆ ಬದಲಿ ಇಲ್ಲ. ಕಿವಿಯ ಮುಂದಿನಿಂದ, ಹಾಲೆಯ ಕೆಳಗೆ ಸುತ್ತಿ, ಕಿವಿಯ ಹಿಂದೆ ಕೂದಲೊಳಗೆ ಹೋಗುವ ಕೊಯ್ತ. ಚರ್ಮದಡಿಯ ಗಟ್ಟಿ ಪದರವನ್ನು ಎತ್ತಿ ಹೊಲಿದು, ಹೆಚ್ಚಾದ ಚರ್ಮ ಕತ್ತರಿಸುತ್ತಾರೆ. ಮೂರರಿಂದ ಐದು ಗಂಟೆಯ ಕೆಲಸ. ತುಂಬ ತೂಕ ಇಳಿಸಿದವರ ಚರ್ಮದಲ್ಲಿ ಹಿಗ್ಗು ಕುಗ್ಗಿನ ಶಕ್ತಿ ಕಡಿಮೆಯಾದ್ದರಿಂದ, ಬರೀ ಚರ್ಮ ಎಳೆದು ಹೊಲಿದರೆ ಬೇಗ ಮತ್ತೆ ಸಡಿಲವಾಗುತ್ತದೆ. ಒಳಪದರ ಎತ್ತುತ್ತೀರಾ ಎಂದು ಕೇಳಿ. ಲಿಫ್ಟ್ ಜೊತೆಗೇ ಕೊಬ್ಬನ್ನೂ ಹಾಕುವುದು ಈ ಗುಂಪಿನವರಿಗೆ ಹೆಚ್ಚು ಒಪ್ಪುತ್ತದೆ.

ದಾರದಿಂದ ಎಳೆದು ಕಟ್ಟುವುದು ಸ್ವಲ್ಪ ಜೋಲಿಗೆ ಸರಿ, ಇಷ್ಟು ಜೋಲಿಗೆ ಹಣ ದಂಡ. ಬಿಸಿ ಕೊಟ್ಟು ಚರ್ಮ ಬಿಗಿಸುವ ಯಂತ್ರಗಳು ಮುಖದಲ್ಲಿ ಉಳಿದ ಚೂರುಪಾರು ಕೊಬ್ಬನ್ನೂ ಕರಗಿಸಬಹುದು, ಬತ್ತಿದ ಮುಖಕ್ಕೆ ನಾವಂತೂ ಹೇಳುವುದಿಲ್ಲ. ಸಿಲಿಕಾನ್ ದ್ರವ ಚುಚ್ಚುತ್ತೇವೆ ಎನ್ನುವವರ ಹತ್ತಿರ ಮಾತೂ ಬೇಡ.

ಹಂತ 5: ಯಾರ ಕೈಗೆ ಮುಖ ಕೊಡುತ್ತೀರಿ?

ಕೊಬ್ಬು ಹಾಕಲು, ಲಿಫ್ಟ್ ಮಾಡಲು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಮಾಡಿದವರು ಬೇಕು. ಫಿಲ್ಲರ್‌ಗೆ ಚರ್ಮರೋಗದ ಎಂ.ಡಿ. ಆದವರೂ ಆಗಬಹುದು. ಬ್ಯೂಟಿ ಪಾರ್ಲರ್, ವಾರಾಂತ್ಯದ ಕೋರ್ಸ್ ಸರ್ಟಿಫಿಕೇಟ್ ಯಾವುದೂ ಲೆಕ್ಕಕ್ಕಿಲ್ಲ. ಡಾಕ್ಟರ ನೋಂದಣಿ ಸಂಖ್ಯೆ ಕೇಳಿ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ತಾಳೆ ನೋಡಿ. ಖಾಸಗಿ ಆಸ್ಪತ್ರೆಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿಯ (ಕೆಪಿಎಂಇ) ನೋಂದಣಿ ಪತ್ರ ಇರಬೇಕು, ಅದನ್ನು ಕಾಣುವಂತೆ ತೂಗುಹಾಕಿರಬೇಕು.

ದಾವಣಗೆರೆ, ಚಿತ್ರದುರ್ಗದವರು ಮರೆಯದೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ: "ನೀವು ಇಲ್ಲೇ ಇರುತ್ತೀರಾ, ವಾರಕ್ಕೊಮ್ಮೆ ಬಂದು ಹೋಗುತ್ತೀರಾ?" ಹೊರಗಿನಿಂದ ಬಂದು ಆಪರೇಷನ್ ಮಾಡಿ ಸಂಜೆ ಹೊರಡುವ ಸರ್ಜನ್ ಆದರೆ, ರಾತ್ರಿ ಎರಡು ಗಂಟೆಗೆ ಕೆನ್ನೆ ಊದಿಕೊಂಡಾಗ ಹೊಲಿಗೆ ಬಿಚ್ಚುವವರು ಯಾರು? ಅವರ ಹೆಸರು, ಫೋನ್ ನಂಬರ್ ಬರೆದುಕೊಡಲಿ. "ಡ್ಯೂಟಿ ಡಾಕ್ಟರ್ ಇರ್ತಾರೆ" ಎಂಬ ಉತ್ತರ ಸಾಲದು.

ಫಿಲ್ಲರ್‌ಗೂ ಇದೇ ಮಾತು. ಜೆಲ್ ರಕ್ತನಾಳದೊಳಗೆ ಹೋಗಿ ಕಣ್ಣಿನ ರಕ್ತ ನಿಂತರೆ ದೃಷ್ಟಿ ಉಳಿಸಿಕೊಳ್ಳಲು ಸಿಗುವ ಸಮಯ ಒಂದು, ಒಂದೂವರೆ ಗಂಟೆ. ಬೆಂಗಳೂರು ದಾವಣಗೆರೆಯಿಂದ 260 ಕಿಲೋಮೀಟರ್, ದುರ್ಗದಿಂದ 200. ಹಾಗಾಗಿ ಹಯಲುರಾನಿಡೇಸ್ ಆ ಕ್ಲಿನಿಕ್ಕಿನ ಫ್ರಿಜ್ಜಿನಲ್ಲೇ ಇರಬೇಕು, 1500 ಯೂನಿಟ್‌ನ ಮೂರು ನಾಲ್ಕು ವಯಲ್. ತೋರಿಸಿ ಎಂದು ಕೇಳಿ. "ಬೇಕಾದ್ರೆ ಮೆಡಿಕಲ್‌ನಿಂದ ತರಿಸ್ತೀವಿ" ಅಂದರೆ ಅಲ್ಲಿ ಮಾಡಿಸಬೇಡಿ. ಫಿಲ್ಲರ್ ಡಬ್ಬಿಯನ್ನು ನಿಮ್ಮೆದುರೇ ಒಡೆಯಲಿ, ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್ ನಿಮ್ಮ ಫೈಲಿಗೆ ಅಂಟಿಸಲಿ.

ಖರ್ಚಿನ ಚೀಟಿಯಲ್ಲಿ ಸರ್ಜನ್, ಅರಿವಳಿಕೆ, ಥಿಯೇಟರ್, ರೂಮು, ಔಷಧಿ, ಪಟ್ಟಿ, ಎರಡನೇ ಸಲದ ಚಾರ್ಜು ಎಲ್ಲ ಬೇರೆ ಬೇರೆ ಇರಲಿ. ಬರೀ ಸೌಂದರ್ಯಕ್ಕೆ ಮಾಡಿಸುವ ಸರ್ಜರಿಗೆ ಆರೋಗ್ಯ ವಿಮೆ ಬರುವುದಿಲ್ಲ, ಆಯುಷ್ಮಾನ್ ಕಾರ್ಡೂ ನಡೆಯುವುದಿಲ್ಲ, ಜಿಎಸ್‌ಟಿ ವಿನಾಯಿತಿಯೂ ಇಲ್ಲ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಂಡು ಸಹಿ ಮಾಡಿ.

ಹಂತ 6: ದಿನ ಗೊತ್ತು ಮಾಡುವುದು

ಮಗಳ ಮದುವೆಯ ದಿನದಿಂದ ಹಿಂದಕ್ಕೆ ಎಣಿಸಿ. ಫಿಲ್ಲರ್‌ಗೆ ಕನಿಷ್ಠ ಒಂದು ತಿಂಗಳು, ಕೊಬ್ಬಿಗೆ ಮತ್ತು ಲಿಫ್ಟ್‌ಗೆ ನಾಲ್ಕು ತಿಂಗಳು, ಕೊಲಾಜೆನ್ ಇಂಜೆಕ್ಷನ್ನಿಗೆ ಆರು ತಿಂಗಳು. ನಿಶ್ಚಿತಾರ್ಥಕ್ಕೆ ಹತ್ತು ದಿನ ಇರುವಾಗ ಏನೂ ಮಾಡಿಸಬೇಡಿ, ಮೇಕಪ್ಪಿನವರಿಗೆ ಬಿಟ್ಟುಬಿಡಿ.

ಮಾರ್ಚ್‌ನಿಂದ ಮೇ ತನಕ ದುರ್ಗದ ಬಿಸಿಲಲ್ಲಿ ಪಟ್ಟಿ ಕಟ್ಟಿಕೊಂಡು ಕೂರುವುದು ಹಿಂಸೆ. ಬೆವರಿಗೆ ಹೊಲಿಗೆ ತುರಿಸುತ್ತದೆ, ನಮ್ಮ ಬಣ್ಣದ ಚರ್ಮಕ್ಕೆ ಗಾಯದ ಕಪ್ಪು ಬೇಗ ಹಿಡಿಯುತ್ತದೆ. ಆಯ್ಕೆ ಇದ್ದರೆ ನವೆಂಬರ್‌ನಿಂದ ಜನವರಿ ಒಳ್ಳೆಯದು.

ಕೂದಲಿಗೆ ಡೈ ಹಚ್ಚುವವರು ಲಿಫ್ಟ್‌ಗೆ ಎರಡು ವಾರ ಮೊದಲೇ ಹಚ್ಚಿಕೊಳ್ಳಿ. ಆಮೇಲೆ ನಾಲ್ಕರಿಂದ ಆರು ವಾರ ಆಗದು.

ಹಂತ 7: ಆಪರೇಷನ್ ದಿನ

ಗಟ್ಟಿ ಆಹಾರ ಆರು ಗಂಟೆ ಮೊದಲು ನಿಲ್ಲಬೇಕು, ಕೊಬ್ಬು, ಎಣ್ಣೆ ಹೆಚ್ಚಿರುವ ಊಟವಾದರೆ ಎಂಟು. ಬರೀ ನೀರು ಎರಡು ಗಂಟೆ ಮೊದಲಿನವರೆಗೆ. ಹಾಲು ಹಾಕಿದ ಕಾಫಿ ನೀರಲ್ಲ. ಮುಂದೆ ಬಟನ್ ಇರುವ ಅಂಗಿ, ನೈಟಿ ಹಾಕಿಕೊಳ್ಳಿ, ತಲೆಯ ಮೇಲಿಂದ ಎಳೆಯುವಂಥದ್ದು ಬೇಡ. ಗುರುತು ಹಾಕುವುದು ಕುಳಿತಾಗಲೇ ಆಗಬೇಕು. ಮಲಗಿದ ಮೇಲೆ ಜೋಲು ಮಾಯವಾಗುತ್ತದೆ, ಗುರುತು ತಪ್ಪುತ್ತದೆ.

ಕೊಬ್ಬು ಹಾಕುವ ಕೆಲಸ ಹೀಗೆ ಸಾಗುತ್ತದೆ. ಹೊಕ್ಕುಳ ಹತ್ತಿರ ಎರಡು ಮೂರು ಮಿಲಿಮೀಟರ್ ಕೊಯ್ದು, ಮರಗಟ್ಟಿಸುವ ಔಷಧಿ ಮತ್ತು ರಕ್ತನಾಳ ಬಿಗಿಯುವ ಅಡ್ರಿನಲಿನ್ ಬೆರೆಸಿದ ದ್ರವ ಬಿಡುತ್ತಾರೆ. ಹತ್ತು ಹದಿನೈದು ನಿಮಿಷ ಕಾದು, ಮೊಂಡು ತುದಿಯ ಸಣ್ಣ ನಳಿಕೆಯಿಂದ ಕೈ ಸಿರಿಂಜಿನಲ್ಲೇ ಮೆಲ್ಲಗೆ ಎಳೆಯುತ್ತಾರೆ. ಜೋರಾಗಿ ಎಳೆದರೆ ಕೊಬ್ಬಿನ ಕಣ ಒಡೆಯುತ್ತದೆ. ಸಿರಿಂಜನ್ನು ನಿಲ್ಲಿಸಿಟ್ಟರೆ ಅಥವಾ ಯಂತ್ರದಲ್ಲಿ ತಿರುಗಿಸಿದರೆ ಮೂರು ಪದರ: ಮೇಲೆ ಒಡೆದ ಕಣಗಳ ಎಣ್ಣೆ, ಕೆಳಗೆ ಕೆಂಪು ನೀರು, ನಡುವೆ ಬೆಣ್ಣೆಯ ಬಣ್ಣದ ಒಳ್ಳೆಯ ಕೊಬ್ಬು. ಬೇಕಾದದ್ದು ನಡುವಿನದು ಮಾತ್ರ. ಹಾಗಾಗಿ ಹಾಕುವುದಕ್ಕಿಂತ ಸುಮಾರು ಎರಡು ಪಟ್ಟು ತೆಗೆಯಬೇಕಾಗುತ್ತದೆ.

ಅದನ್ನು 1 ಎಂಎಲ್ ಸಿರಿಂಜಿಗೆ ತುಂಬಿ, ಮೊಂಡು ನಳಿಕೆಯನ್ನು ಒಳಗೆ ತೂರಿಸಿ ಹಿಂದಕ್ಕೆ ಎಳೆಯುತ್ತಾ ಒಂದೊಂದು ಸಲಕ್ಕೆ 0.1 ಎಂಎಲ್‌ಗಿಂತಲೂ ಕಡಿಮೆ, ಸಾಸಿವೆ ಕಾಳು ಉದುರಿಸಿದ ಹಾಗೆ, ಬೇರೆ ಬೇರೆ ಆಳದಲ್ಲಿ ಬಿಡುತ್ತಾರೆ. ಹೀಗೇ ಏಕೆ ಅಂದರೆ ಹಾಕಿದ ಕೊಬ್ಬಿಗೆ ಹೊಸ ರಕ್ತನಾಳ ಬರುವ ತನಕ ಸುತ್ತಲಿನ ಮಾಂಸದಿಂದ ಒಸರುವ ಆಹಾರವೇ ಗತಿ. ಅದು ಒಂದೆರಡು ಮಿಲಿಮೀಟರಿಗಿಂತ ಒಳಗೆ ತಲುಪುವುದಿಲ್ಲ. ಒಂದೇ ಕಡೆ ಉಂಡೆಯಾಗಿ ಹಾಕಿದರೆ ನಡುವಿನದು ಸತ್ತು ಎಣ್ಣೆಯ ಗಂಟೋ, ಗಟ್ಟಿ ಗಡ್ಡೆಯೋ ಆಗಿ ಉಳಿಯುತ್ತದೆ. ಅರ್ಧ ಗಂಟೆಯಲ್ಲಿ ಇಡೀ ಮುಖ ಮುಗಿಸುತ್ತೇವೆ ಎನ್ನುವವರು ಸಾಸಿವೆ ಹಾಕುತ್ತಿಲ್ಲ, ಉಂಡೆ ಕಟ್ಟುತ್ತಿದ್ದಾರೆ.

ಹಂತ 8: ಆಮೇಲಿನ ದಿನಗಳು

ಮೊದಲ ಎರಡು ದಿನ. ಲಿಫ್ಟ್ ಆದವರು ಸರ್ಜನ್‌ನಿಂದ ಅರ್ಧ ಗಂಟೆಯ ದಾರಿಯೊಳಗೇ ಇರಬೇಕು. ಬೆಂಗಳೂರಿನಲ್ಲಿ ಮಾಡಿಸಿದರೆ ಹೊಲಿಗೆ ತೆಗೆಯುವ ತನಕ, ಅಂದರೆ ಹತ್ತು ದಿನ, ಅಲ್ಲೇ ಉಳಿದುಕೊಳ್ಳಿ. ಕಿವಿಯ ಮುಂದಿನ ಹೊಲಿಗೆ ಐದರಿಂದ ಏಳು ದಿನಕ್ಕೆ, ಹಿಂದಿನದು ಹತ್ತು ದಿನಕ್ಕೆ ತೆಗೆಯುತ್ತಾರೆ. ಬಿಪಿ ಮಾತ್ರೆ ಒಂದು ಹೊತ್ತೂ ತಪ್ಪಬಾರದು, ಬಿಪಿ ಏರಿದರೆ ಒಳಗೆ ರಕ್ತ ಕಟ್ಟುತ್ತದೆ. ಗಂಡಸರಲ್ಲಿ ಇದು ಇನ್ನೂ ಹೆಚ್ಚು.

ಮಲಗುವುದು. ಎರಡು ಮೂರು ದಿಂಬು ಇಟ್ಟು ತಲೆ ಎತ್ತರ ಮಾಡಿ ಅಂಗಾತವೇ ಮಲಗಿ, ಎರಡು ವಾರ. ಮಗ್ಗುಲಾಗಿ ಮಲಗಿದರೆ ಹಾಕಿದ ಕೊಬ್ಬಿನ ಮೇಲೆ ಭಾರ ಬಿದ್ದು ಆ ಕಡೆ ಕಡಿಮೆ ಉಳಿಯುತ್ತದೆ. ಊರಿಗೆ ಬರುವಾಗ ಸ್ಲೀಪರ್ ಬಸ್ ಬೇಡ, ಕಿಟಕಿಗೆ ಕೆನ್ನೆ ಒತ್ತಿ ನಿದ್ದೆ ಹೋಗುವುದೂ ಬೇಡ. ಕೂತು ಬರುವ ರೈಲು ಅನುಕೂಲ. ದುರ್ಗದವರು ಮುಖ್ಯ ಮಾರ್ಗದ ರೈಲಿಗೆ ಚಿಕ್ಕಜಾಜೂರಿನಲ್ಲಿ ಇಳಿಯಬೇಕಾಗುವುದರಿಂದ, ಕರೆದುಕೊಂಡು ಹೋಗಲು ಯಾರಾದರೂ ಬರಲಿ.

ಮುಟ್ಟುವುದು. ಇಲ್ಲೇ ಜನ ಹೆಚ್ಚು ಎಡವುವುದು. ಕೊಬ್ಬು ಹಾಕಿದ ಮುಖವನ್ನು ಉಜ್ಜಬಾರದು, ಒತ್ತಬಾರದು. ಪಾಲಿ ಲ್ಯಾಕ್ಟಿಕ್ ಆಸಿಡ್ ಹಾಕಿಸಿಕೊಂಡವರು ಮಾತ್ರ ದಿನಕ್ಕೆ ಐದು ಸಲ, ಐದೈದು ನಿಮಿಷ, ಐದು ದಿನ ನೀವಿಕೊಳ್ಳಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಇಬ್ಬರೂ ಪರಸ್ಪರ ಸಲಹೆ ಕೊಟ್ಟುಕೊಂಡು ಕೆಡಿಸಿಕೊಳ್ಳುತ್ತಾರೆ. ಐಸ್, ಬಿಸಿ ಶಾಖ ಎರಡನ್ನೂ ಡಾಕ್ಟರ್ ಹೇಳದೆ ಇಡಬೇಡಿ. ಚರ್ಮ ಮರಗಟ್ಟಿರುವುದರಿಂದ ಸುಟ್ಟರೂ ಗೊತ್ತಾಗುವುದಿಲ್ಲ. ಅಜ್ಜಿ ಹೇಳಿದ ಅರಿಶಿನದ ಪಟ್ಟು ಹೊಲಿಗೆಯ ಮೇಲೆ ಬೇಡವೇ ಬೇಡ.

ಹೆಲ್ಮೆಟ್. ಫುಲ್ ಫೇಸ್ ಹೆಲ್ಮೆಟ್ಟಿನ ಪ್ಯಾಡ್ ಸರಿಯಾಗಿ ಕೆನ್ನೆಯನ್ನೇ ಒತ್ತುತ್ತದೆ. ನಾಲ್ಕು ವಾರ ಬೈಕ್ ಬಿಡಿ, ಆಟೊದಲ್ಲಿ ಓಡಾಡಿ. ಹೆಲ್ಮೆಟ್ ಇಲ್ಲದೆ ಓಡಿಸುವುದು ಇದಕ್ಕೆ ಪರಿಹಾರವಲ್ಲ. ಜುಮುಕಿ, ಭಾರದ ಓಲೆ ಆರು ವಾರ ಬೇಡ. ಗಂಡಸರು ರೇಜರ್ ಬದಲು ಟ್ರಿಮ್ಮರ್ ಬಳಸಿ. ಲಿಫ್ಟ್ ಆದ ಮೇಲೆ ಗಡ್ಡ ಬರುವ ಚರ್ಮ ಕಿವಿಯ ಹತ್ತಿರಕ್ಕೆ, ಹಿಂದಕ್ಕೆ ಸರಿಯುವುದೂ ಉಂಟು, ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಊಟ. ಮೊದಲ ವಾರ ಮೆತ್ತನೆಯದು: ಗಂಜಿ, ಮೊಸರನ್ನ, ಬೇಳೆ ಕಟ್ಟು, ಮೊಟ್ಟೆ. ಮಂಡಕ್ಕಿ ಮೆಣಸಿನಕಾಯಿ ಎರಡು ವಾರ ದೂರವಿರಲಿ, ಅದರ ಉಪ್ಪಿಗೆ ಊತ ಏರುತ್ತದೆ. ತೂಕ ಇಳಿಸುವ ಹುರುಪಿನಲ್ಲಿ ಊಟ ಬಿಡುವುದಂತೂ ಈ ತಿಂಗಳು ಕೂಡದು.

ಊತ ಎರಡು ಮೂರು ವಾರ ಇರುತ್ತದೆ. ಹತ್ತನೇ ದಿನ "ಇದೇನು ಇಷ್ಟು ದಪ್ಪ" ಎಂದು ಅಳುವವರೇ ಆರನೇ ವಾರ "ಎಲ್ಲ ಕರಗಿಹೋಯ್ತು" ಎಂದು ಅಳುತ್ತಾರೆ. ಎರಡೂ ಸುಳ್ಳು. ಕೊಬ್ಬಿನ ನಿಜವಾದ ಲೆಕ್ಕ ಸಿಗುವುದು ಮೂರರಿಂದ ಆರನೇ ತಿಂಗಳ ನಡುವೆ.

ಕಾಯದೆ ಓಡಬೇಕಾದ ಲಕ್ಷಣಗಳು

ಫಿಲ್ಲರ್ ಹಾಕುವಾಗ ಅಥವಾ ಹಾಕಿದ ಮೇಲೆ ಕಣ್ಣು ಮಂಜಾಯಿತು, ಎರಡೆರಡು ಕಂಡಿತು, ಕಣ್ಣಿನ ಹಿಂದೆ ನೋವು ಬಂತು ಅಂದರೆ ಆ ಕ್ಷಣವೇ ಸೂಜಿ ನಿಲ್ಲಬೇಕು. ಹಾಕಿದವರೇ ಹಯಲುರಾನಿಡೇಸ್ ಶುರು ಮಾಡಿ, ಜೊತೆಗೇ ಹತ್ತಿರದ ದೊಡ್ಡ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕಳಿಸಬೇಕು.

ಚರ್ಮ ಬಿಳಚಿಕೊಳ್ಳುವುದು, ಬಲೆಯಂತೆ ನೇರಳೆ ಗೆರೆ ಮೂಡುವುದು, ಹಾಕಿದ್ದಕ್ಕೆ ಹೊಂದದಷ್ಟು ನೋವು: ರಕ್ತನಾಳ ಮುಚ್ಚಿರುವ ಗುರುತು. ಕಪ್ಪು ಮೈಬಣ್ಣದಲ್ಲಿ ಬಿಳಚುವುದು ಬೇಗ ಕಾಣುವುದಿಲ್ಲ. ಬೆರಳಿನಿಂದ ಒತ್ತಿ ಬಿಡಿ, ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಇನ್ನೊಂದು ಕೆನ್ನೆಗಿಂತ ತಡವಾದರೆ, ತಕ್ಷಣ ಫೋನ್ ಮಾಡಿ. ಫೋಟೊ ಕಳಿಸಿ ಬೆಳಗಾಗಲಿ ಎಂದು ಕಾಯಬೇಡಿ.

ಲಿಫ್ಟ್ ಆದ ಮೊದಲ ದಿನ ಒಂದೇ ಕಡೆ ಏಕಾಏಕಿ ಊದಿ, ಬಿಗಿದು, ನೋವು ಏರಿದರೆ ಒಳಗೆ ರಕ್ತ ಕಟ್ಟುತ್ತಿದೆ. ಎರಡೂ ಕಡೆ ಸಮನಾಗಿ ಊದುವುದು ಬೇರೆ, ಇದು ಬೇರೆ. ರಾತ್ರಿಯಾದರೂ ಸರಿ, ಥಿಯೇಟರಿಗೆ ವಾಪಸ್ ಹೋಗಬೇಕು.

ಬಾಯಿ ಒಂದು ಕಡೆ ಸೊಟ್ಟಗಾಗುವುದು, ಕಣ್ಣು ಮುಚ್ಚಲಾಗದಿರುವುದು, 101 ಡಿಗ್ರಿ ದಾಟಿದ ಜ್ವರ, ಕೀವು, ಉಸಿರಾಟದ ತೊಂದರೆ, ಕಾಲಿನ ಮೀನಖಂಡ ಊದಿ ನೋಯುವುದು ಇವೂ ಅದೇ ದಿನ ತೋರಿಸಬೇಕಾದವು. ಕೆನ್ನೆ, ಕಿವಿ ಮರಗಟ್ಟಿರುವುದಕ್ಕೆ ಮಾತ್ರ ಹೆದರಬೇಡಿ, ಸ್ಪರ್ಶ ಮರಳಲು ತಿಂಗಳುಗಳೇ ಹಿಡಿಯುತ್ತವೆ.

ಹಂತ 9: ಎರಡನೇ ಸಲ ಬೇಕೆ?

ಆರು ತಿಂಗಳಾದ ಮೇಲೆ ಅದೇ ಕಿಟಕಿ, ಅದೇ ದೂರ, ಅದೇ ಐದು ಫೋಟೊ. ತೂಕದ ನೋಟ್‌ಬುಕ್ಕನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಫೋಟೊದಲ್ಲಿ ಕೆನ್ನೆ ಇಳಿದಿದ್ದು, ನೋಟ್‌ಬುಕ್ಕಿನಲ್ಲಿ ನಾಲ್ಕು ಕೆಜಿ ಕಡಿಮೆ ಇದ್ದರೆ ಅದು ಸರ್ಜನ್‌ನ ತಪ್ಪಲ್ಲ. ಮತ್ತೆ ಹಂತ 1ಕ್ಕೆ ಹೋಗಿ. ತೂಕ ನಿಂತಿದ್ದು ಒಂದು ಕಡೆ ಮಾತ್ರ ಕಡಿಮೆ ಇದ್ದರೆ ಸ್ವಲ್ಪ ಕೊಬ್ಬನ್ನೋ, ಒಂದೆರಡು ಸಿರಿಂಜ್ ಫಿಲ್ಲರನ್ನೋ ಸೇರಿಸಿದರೆ ಸಾಕು. ಹಳೆಯ ಫೋಟೊದಲ್ಲೂ ಎರಡು ಕೆನ್ನೆ ಒಂದೇ ಸಮ ಇದ್ದವೇ ಎಂದು ಅದಕ್ಕೂ ಮೊದಲು ನೋಡಿ. ಹೆಚ್ಚಿನವರ ಮುಖದಲ್ಲಿ ಇರುವುದಿಲ್ಲ.